ಹೆಸರಾಂತ ಬಾಣಸಿಗರ ಪುಸ್ತಕ, ನಮ್ಮ ಅಡುಗೆಮನೆ: ಅಳತೆ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಪಾವು_ಸೇರು

ಸದ್ಯ ಒಲೆ ಪಕ್ಕ ಇರೋ ಪುಸ್ತಕ ನಾಲ್ಕು. ಮಾರ್ಸೆಲ್ಲಾ ಹಜಾನ್ ಅವರ ‘ಎಸೆನ್ಷಿಯಲ್ಸ್ ಆಫ್ ಕ್ಲಾಸಿಕ್ ಇಟಾಲಿಯನ್ ಕುಕಿಂಗ್’, ಸಮೀನ್ ನಸ್ರತ್ ಅವರ ‘ಸಾಲ್ಟ್ ಫ್ಯಾಟ್ ಆಸಿಡ್ ಹೀಟ್’, ಒಟ್ಟೊಲೆಂಗಿ ಅವರ ‘ಪ್ಲೆಂಟಿ’, ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ (ತಮಿಳು ಅಡುಗೆ ಪುಸ್ತಕ, ಇಂಗ್ಲಿಷ್ ಅನುವಾದ). ಊರು ಬೆಂಗಳೂರು. ಎರಡು ಒಲೆಯ ಗ್ಯಾಸ್, 28 ಲೀಟರ್ ಓಟಿಜಿ (ಸಣ್ಣ ಕರೆಂಟ್ ಓವನ್), 1 ಗ್ರಾಂವರೆಗೆ ತೋರಿಸೋ ಡಿಜಿಟಲ್ ತಕ್ಕಡಿ ಇದೆ. ಮೊಟ್ಟೆ ನಡೆಯುತ್ತೆ, ಮಾಂಸ ಇಲ್ಲ.

ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದರೂ ಈ ನಾಲ್ಕು ಕಡೆ ಕೆಡ್ತಿದೆ:

1. ಹಜಾನ್ ಅವರ ಈರುಳ್ಳಿ-ಬೆಣ್ಣೆ ಟೊಮೇಟೊ ಸಾಸ್ 45 ನಿಮಿಷ ಕುದಿಸಿದರೂ ತಿಳಿಸಾರಿನ ಹಾಗೆ ಇರುತ್ತೆ. ಹುಳಿ ಬೇರೆ.
2. ಅಮೆರಿಕದ ಪುಸ್ತಕಗಳ ಚಮಚದ ಲೆಕ್ಕಕ್ಕೆ ಉಪ್ಪು ಹಾಕಿದರೆ ಬಾಯಿಗಿಡೋಕಾಗಲ್ಲ.
3. ಕ್ರೀಮ್ ಎಷ್ಟು ಬೀಟ್ ಮಾಡಿದರೂ ನೊರೆ ನಿಲ್ಲಲ್ಲ. ಕೇಕು ಗಟ್ಟಿ, ಮೇಲೆ ಕಪ್ಪು, ಒಳಗೆ ಹಸಿ.
4. ಮನೆಯಲ್ಲಿರೋ ಇನ್ನೊಂದೆರಡು ಹಳೇ ಅಡುಗೆ ಪುಸ್ತಕಗಳಲ್ಲಿ ತೊಲ, ಪಲ, ರೂಪಾಯಿ ತೂಕ ಅಂತ ಇದೆ. ಗ್ರಾಂಗೆ ಎಷ್ಟು?

ಪುಸ್ತಕ ಬದಲಾಯಿಸಬೇಕಾ, ಅಳತೆ ಬದಲಾಯಿಸಬೇಕಾ?

ಉತ್ತರ: ತಕ್ಕಡಿ_ತಟ್ಟೆ

ಪುಸ್ತಕ ನಾಲ್ಕೂ ಚೆನ್ನಾಗಿವೆ, ಇಟ್ಕೊಳ್ಳಿ. ಪುಸ್ತಕ ಯಾವ ಊರಲ್ಲಿ ಅಚ್ಚಾಗಿದ್ದು ಅನ್ನೋದನ್ನ ಮೊದಲು ನೋಡಿ. ಒಂದೇ ಪುಸ್ತಕದ ಬ್ರಿಟಿಷ್ ಮುದ್ರಣ, ಅಮೆರಿಕನ್ ಮುದ್ರಣ ಬೇರೆ ಬೇರೆ ಇರುತ್ತೆ. ಒಳಗೆ ಗ್ರಾಂ, ಬದನೆಗೆ ಓಬರ್ಜೀನ್, ಜುಕಿನಿಗೆ ಕೂರ್ಜೆಟ್ ಅಂತ ಇದ್ದರೆ ಬ್ರಿಟಿಷ್. ಕಪ್, ಎಗ್‌ಪ್ಲಾಂಟ್, ಜುಕಿನಿ ಅಂತ ಇದ್ದರೆ ಅಮೆರಿಕನ್. ತಕ್ಕಡಿ ಇರೋರಿಗೆ ಬ್ರಿಟಿಷ್ ಮುದ್ರಣ ಸಿಕ್ಕರೆ ಅರ್ಧ ತಲೆನೋವು ಅಲ್ಲೇ ಮುಗೀತು.

ಅಮೆರಿಕದ ಕಪ್ ಸುಮಾರು 240 ಮಿ.ಲೀ. ಆಸ್ಟ್ರೇಲಿಯಾದ ಕಪ್ 250. ಇಲ್ಲಿ ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ಸೆಟ್ಟುಗಳಲ್ಲಿ ಎರಡೂ ಬರುತ್ತೆ, ಕಪ್ಪಿನ ತಳದಲ್ಲಿ ಕೆತ್ತಿರೋ ಅಂಕೆ ನೋಡಿ. ದೊಡ್ಡ ಚಮಚ (ಟೇಬಲ್ ಸ್ಪೂನ್) ಬಹುತೇಕ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ ಮಾತ್ರ 20. ಟೀ ಚಮಚ ಎಲ್ಲಾ ಕಡೆ 5. ಪಿಂಟ್ ಅಂತ ಬಂದರೆ ಜಾಗ್ರತೆ: ಬ್ರಿಟನ್ನಿನದು 568 ಮಿ.ಲೀ., ಅಮೆರಿಕದ್ದು 473. ಬೆಣ್ಣೆ ಒಂದು ‘ಸ್ಟಿಕ್’ ಅಂದರೆ 113 ಗ್ರಾಂ.

ನೀರು, ಹಾಲು, ಎಣ್ಣೆಗೆ ಕಪ್ಪಿನಿಂದ ದೊಡ್ಡ ತೊಂದರೆ ಇಲ್ಲ. ಹಿಟ್ಟಿನಲ್ಲೇ ಮೋಸ ಆಗೋದು. ಕಪ್ಪನ್ನ ಡಬ್ಬಕ್ಕೇ ಅದ್ದಿ ಮೈದಾ ತೆಗೆದರೆ 140-150 ಗ್ರಾಂ ಬರುತ್ತೆ. ಹಿಟ್ಟನ್ನ ಸಡಿಲ ಮಾಡಿ ಚಮಚದಲ್ಲಿ ತುಂಬಿ, ಚಾಕುವಿನ ಬೆನ್ನಿಂದ ಸಮ ಮಾಡಿದರೆ 120-125. ಮೂರು ಕಪ್ಪಿನ ಕೇಕಿಗೆ 60 ಗ್ರಾಂ ಹಿಟ್ಟು ಹೆಚ್ಚಾದರೆ ಅದು ಕೇಕಲ್ಲ, ಬಿಸ್ಕತ್ತು. ಪುಸ್ತಕದ ಮುನ್ನುಡಿಯಲ್ಲಿ ಅವರು ಹೇಗೆ ಅಳೀತಾರೆ ಅಂತ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ, ನಾವು ಓದದೆ ಹಾರಿಸಿಬಿಡೋದು ಅದನ್ನೇ. ಏನೂ ಹೇಳಿಲ್ಲದಿದ್ದರೆ ಕಪ್ಪಿಗೆ 125 ಗ್ರಾಂ ಹಿಡೀರಿ. ಸಕ್ಕರೆ ಕಪ್ಪಿಗೆ 200. ಆದರೆ ಪುಡಿಸಕ್ಕರೆ ಕಪ್ಪಿಗೆ 120 ಅಷ್ಟೇ, ಒಂದಕ್ಕೊಂದು ಕಪ್ ಲೆಕ್ಕದಲ್ಲಿ ಬದಲಾಯಿಸಬೇಡಿ.

ಇನ್ನು ಉಪ್ಪು. ಅಮೆರಿಕದ ಬಾಣಸಿಗರು ‘ಕೋಷರ್ ಸಾಲ್ಟ್’ ಅಂದಾಗ ಮನಸ್ಸಲ್ಲಿರೋದು ಚಕ್ಕೆಚಕ್ಕೆಯಾದ, ಹಗುರ ಉಪ್ಪು. ಅದರಲ್ಲೂ ಎರಡು ಕಂಪನಿ. ಡೈಮಂಡ್ ಕ್ರಿಸ್ಟಲ್ ಟೀ ಚಮಚಕ್ಕೆ 3 ಗ್ರಾಂ ಹತ್ತಿರ, ಮಾರ್ಟನ್ 5 ಗ್ರಾಂ ಹತ್ತಿರ. ನಮ್ಮ ಪ್ಯಾಕೆಟ್ಟಿನ ಪುಡಿ ಉಪ್ಪು ಸುಮಾರು 6 ಗ್ರಾಂ. ಒಂದು ದೊಡ್ಡ ಚಮಚ ಡೈಮಂಡ್ ಅಂದರೆ 9 ಗ್ರಾಂ, ಅದೇ ಚಮಚ ನಮ್ಮ ಉಪ್ಪು 18. ಹಾಗಾಗಿ ಡೈಮಂಡ್ ಅಂತ ಇದ್ದಲ್ಲಿ ಅರ್ಧ ಹಾಕಿ. ಯಾವುದು ಅಂತ ಗೊತ್ತಾಗದಿದ್ದರೂ ಅರ್ಧದಿಂದಲೇ ಶುರು ಮಾಡಿ, ಆಮೇಲೆ ಹಾಕಬಹುದು, ತೆಗೆಯೋಕಾಗಲ್ಲ. ಈ ಎರಡು ಕಂಪನಿಗಳ ವ್ಯತ್ಯಾಸವನ್ನ ನಸ್ರತ್ ಉಪ್ಪಿನ ಅಧ್ಯಾಯದಲ್ಲೇ ಹೇಳ್ತಾರೆ. ಪುಸ್ತಕದ ಮೊದಲ ಭಾಗ ಬಿಟ್ಟು ನೇರ ರೆಸಿಪಿಗೆ ಹೋದರೆ ತಪ್ಪಿಹೋಗುತ್ತೆ.

ಹರಳುಪ್ಪನ್ನ ಚಮಚದಲ್ಲಿ ಅಳೀಲೇಬೇಡಿ. ಹರಳಿನ ಗಾತ್ರ ಪ್ಯಾಕೆಟ್ಟಿಗೊಂದು.

ಪಾಸ್ತಾ ನೀರಿಗೆ ಇಟಲಿಯವರ ಲೆಕ್ಕ ನೆನಪಿಟ್ಟುಕೊಳ್ಳೋಕೆ ಸುಲಭ: 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಚಮಚದ ಜಗಳವೇ ಇಲ್ಲ.

ಉತ್ತರ: ಗೊಜ್ಜಿನ_ಬಾಂಡಲಿ

ಟೊಮೇಟೊ ಸಾಸಿನ ಬಗ್ಗೆ ಮಾತ್ರ ಹೇಳ್ತೀನಿ. ಆ ಪುಸ್ತಕದಲ್ಲಿ ಬೇರೇನೂ ಮಾಡದಿದ್ದರೂ ಇದೊಂದು ಬಂದರೆ ದುಡ್ಡು ವಸೂಲು.

ಹಜಾನ್ ಅವರ 1973 ಮತ್ತು 1978ರ ಎರಡು ಪುಸ್ತಕಗಳನ್ನ ಸೇರಿಸಿ, ತಿದ್ದಿ 1992ರಲ್ಲಿ ಈ ದಪ್ಪ ಪುಸ್ತಕ ಆಯ್ತು. ಸಾಸಿಗೆ ಬೇಕಾದ್ದು ನಾಲ್ಕೇ: ಟೊಮೇಟೊ, 5 ದೊಡ್ಡ ಚಮಚ ಬೆಣ್ಣೆ (70 ಗ್ರಾಂ), ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು. ಟೊಮೇಟೊ ಜಾಗದಲ್ಲಿ ಎರಡು ದಾರಿ ಕೊಟ್ಟಿದ್ದಾರೆ: 2 ಪೌಂಡ್ (900 ಗ್ರಾಂ) ತಾಜಾ ಹಣ್ಣು, ಇಲ್ಲವೇ ರಸದ ಸಮೇತ 2 ಕಪ್ ಡಬ್ಬಿ ಹಣ್ಣು. ಇಲ್ಲೇ ನಿಮ್ಮ ಉತ್ತರ ಇದೆ. 900 ಗ್ರಾಂ ಹಣ್ಣು 480 ಮಿ.ಲೀ. ಡಬ್ಬಿ ಹಣ್ಣಿಗೆ ಸಮ ಅಂತ ಪುಸ್ತಕ ಎಣಿಸುತ್ತೆ. ಅವರ ಲೆಕ್ಕದ ಹಣ್ಣು ಉದ್ದನೆ ಪ್ಲಮ್ ಜಾತಿ, ತಿರುಳು ದಪ್ಪ, ನೀರು ಕಮ್ಮಿ. ನಾವು ಗುಂಡನೆ ನಾಟಿ ಹಣ್ಣು ತಗೊಂಡರೆ ರಸವೇ ಮುಕ್ಕಾಲು. 45 ನಿಮಿಷ ಹೇಗೆ ಸಾಕಾಗುತ್ತೆ?

ನಾಟಿಯನ್ನ ಸಾರಿಗೆ ಇಟ್ಕೊಳ್ಳಿ. ಇದಕ್ಕೆ ಉದ್ದನೆ, ಸಿಪ್ಪೆ ದಪ್ಪ ಇರೋ ಹೈಬ್ರಿಡ್ ಹಣ್ಣು ಬೇಕು. ಮಾರ್ಕೆಟ್ಟಿನಿಂದ ತಂದಾಗ ಅರೆಗೆಂಪು ಇರುತ್ತೆ, ಎರಡು ಮೂರು ದಿನ ಫ್ರಿಜ್ಜಿನ ಹೊರಗೆ ಇಡಿ. ಪೂರ್ತಿ ಕೆಂಪಾಗಿ, ಒತ್ತಿದರೆ ಸ್ವಲ್ಪ ತಗ್ಗಬೇಕು. ಹುಳಿ ಅರ್ಧ ಅಲ್ಲೇ ಇಳಿಯುತ್ತೆ.

ತಳದಲ್ಲಿ ಅಡ್ಡ-ಉದ್ದ ಗೀರಿ ಕುದಿಯೋ ನೀರಿಗೆ ಒಂದು ನಿಮಿಷ, ಆಮೇಲೆ ತಣ್ಣೀರಿಗೆ ಹಾಕಿ ಸಿಪ್ಪೆ ಸುಲೀರಿ. ಅಡ್ಡಲಾಗಿ ಕತ್ತರಿಸಿ ಬೀಜವನ್ನ ಜರಡಿ ಮೇಲೆ ಹಿಂಡಿ. ಕೆಳಗೆ ಇಳಿದ ರಸ ಇಟ್ಕೊಳ್ಳಿ, ಬೀಜ ಬಿಡಿ. ಈಗ ಬೆಣ್ಣೆ ಹಾಕೋಕೆ ಮುಂಚೆ ತಿರುಳು, ಆ ರಸ ಇಷ್ಟನ್ನೇ ಅಗಲ ಪಾತ್ರೆಯಲ್ಲಿ 10 ನಿಮಿಷ ಮುಚ್ಚಿ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು 2 ಕಪ್ಪಿಗೆ ಇಳಿಯೋವರೆಗೆ ಬತ್ತಿಸಿ. ಅಳತೆ ಕಪ್ಪಿಗೇ ಸುರಿದು ನೋಡಿ, ಅಂದಾಜು ಬೇಡ. ಈಗ ನೀವು ಪುಸ್ತಕ ಶುರುವಾಗೋ ಜಾಗಕ್ಕೆ ಬಂದ್ರಿ. ಇಲ್ಲಿಂದ ಬೆಣ್ಣೆ, ಈರುಳ್ಳಿ ಹೋಳು, ಚೂರೇ ಉಪ್ಪು, ಚಿಕ್ಕ ಒಲೆ, ಸಣ್ಣ ಉರಿ, ಮುಚ್ಚಳ ಇಲ್ಲದೆ 45 ನಿಮಿಷ. ಗುಳ್ಳೆ ಒಂದೊಂದಾಗಿ ಪುಳಕ್ ಪುಳಕ್ ಅಂತ ಏಳಬೇಕು, ಸಿಡಿಯಬಾರದು. ಐದಾರು ನಿಮಿಷಕ್ಕೊಮ್ಮೆ ತಿರುವಿ, ದೊಡ್ಡ ತುಂಡನ್ನ ಸೌಟಿನ ಬೆನ್ನಿಂದ ಒತ್ತಿ.

ಆಯ್ತು ಅಂತ ಗೊತ್ತಾಗೋದು ಹೇಗೆ? ಪುಸ್ತಕದ ಪ್ರಕಾರ ಕೊಬ್ಬು ಟೊಮೇಟೊದಿಂದ ಬೇರೆಯಾಗಿ ತೇಲಬೇಕು. ಅಂದರೆ ನಮ್ಮ ಗೊಜ್ಜು ‘ಎಣ್ಣೆ ಬಿಡೋದು’ ಅಂತೀವಲ್ಲ, ಅದೇ. ಒಂದು ಮೋಸ ಇದೆ: ಬೆಣ್ಣೆ ಕರಗಿದ ಮೊದಲ ಐದು ನಿಮಿಷವೂ ಮೇಲೆ ಹಳದಿ ಪೊರೆ ತೇಲುತ್ತೆ. ಅದನ್ನ ನೋಡಿ ಒಲೆ ಆರಿಸಬೇಡಿ. ಅದು ನೀರಿನ ಮೇಲಿನ ಬೆಣ್ಣೆ. ಮಧ್ಯದಲ್ಲಿ ಅದು ತಿರುಳಿನ ಜೊತೆ ಬೆರೆತು ಕಾಣೆಯಾಗುತ್ತೆ, ಕೊನೆಗೆ ಅಂಚಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮಡುವಾಗಿ ಮತ್ತೆ ಕಾಣಿಸುತ್ತೆ. ಆಗ ಸೌಟು ಎಳೆದರೆ ಪಾತ್ರೆಯ ತಳ ಒಂದು ಕ್ಷಣ ಕಾಣಬೇಕು.

ಈರುಳ್ಳಿಯನ್ನ ಕೊನೆಗೆ ತೆಗೆದುಹಾಕ್ತಾರೆ. ಹೆಚ್ಚಿ ಹಾಕಿದರೆ ಬೇರೆಯೇ ಸಾಸ್ ಆಗುತ್ತೆ, ಸಿಹಿ ಏರಿ ಟೊಮೇಟೊ ಹಿಂದೆ ಸರಿಯುತ್ತೆ. ತೆಗೆದ ಹೋಳನ್ನ ಬ್ರೆಡ್ ಮೇಲೆ ಸವರಿ ತಿನ್ನಿ, ಎಸೆಯೋದು ಪಾಪ.

ಕೆಡೋ ಜಾಗಗಳು: ಕುಕ್ಕರಿನಲ್ಲಿ ಮಾಡಿದರೆ ನೀರು ಆವಿಯಾಗೋದೇ ಇಲ್ಲ, ಸಾಸ್ ಎಂದೂ ಗಟ್ಟಿಯಾಗಲ್ಲ. ಕಬ್ಬಿಣದ ಬಾಂಡಲಿ, ಬರೀ ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತೆ. ತೆಳು ಸ್ಟೀಲ್ ಪಾತ್ರೆ ತಳ ಹಿಡಿಯುತ್ತೆ. ದಪ್ಪ ತಳದ, 24-26 ಸೆಂ.ಮೀ. ಅಗಲದ್ದು ಸರಿ. ಉಪ್ಪು ಬೆಣ್ಣೆ ಹಾಕಿದರೆ 70 ಗ್ರಾಂ ಬೆಣ್ಣೆಯಲ್ಲೇ ಒಂದೂವರೆ ಗ್ರಾಂ ಹತ್ತಿರ ಉಪ್ಪು ಬಂದಿರುತ್ತೆ, ಹಾಗಾಗಿ ಮೇಲಿನ ಉಪ್ಪನ್ನ ಬತ್ತಿದ ಮೇಲೆ ರುಚಿ ನೋಡಿ ಹಾಕಿ. ಆಗಲೂ ಹುಳಿ ಅನ್ನಿಸಿದರೆ ಎರಡು ಚಿಟಿಕೆ ಸಕ್ಕರೆ. ಅಡುಗೆ ಸೋಡಾ ಹಾಕಿ ಹುಳಿ ಮುರಿಯೋರೂ ಇದ್ದಾರೆ, ಚೂರು ಜಾಸ್ತಿಯಾದರೂ ಸೋಪಿನ ರುಚಿ ಬರುತ್ತೆ. ನಾನಂತೂ ಹೇಳಲ್ಲ.

ಉತ್ತರ: ಮೂರನೇ_ರ‍್ಯಾಕ್

ಕೇಕು ಮತ್ತು ಕ್ರೀಮ್.

ಕ್ರೀಮ್ ಮೊದಲು, ಯಾಕಂದ್ರೆ ಅಲ್ಲಿ ನಿಮ್ಮ ಕೈ ತಪ್ಪೇ ಇಲ್ಲ. ನೊರೆ ನಿಲ್ಲೋಕೆ ಕನಿಷ್ಠ 30% ಕೊಬ್ಬು ಬೇಕು. ಅಮೆರಿಕದ ಹೆವಿ ಕ್ರೀಮ್ 36%ಕ್ಕಿಂತ ಮೇಲೆ, ಬ್ರಿಟನ್ನಿನ ಡಬಲ್ ಕ್ರೀಮ್ 48% ಹತ್ತಿರ. ಇಲ್ಲಿ ಟೆಟ್ರಾ ಪ್ಯಾಕಿನಲ್ಲಿ ಸಿಗೋ ಫ್ರೆಶ್ ಕ್ರೀಮ್ 25%. ರಾತ್ರಿಯಿಡೀ ಬೀಟ್ ಮಾಡಿದರೂ ಅದು ನಿಲ್ಲಲ್ಲ. ‘ವಿಪ್ಪಿಂಗ್ ಕ್ರೀಮ್’ ಅಂತ ಬರೆದಿರೋ ಡೈರಿ ಕ್ರೀಮೇ ತಗೊಳ್ಳಿ, ಪ್ಯಾಕಿನ ಮೇಲೆ ಕೊಬ್ಬಿನ ಅಂಕೆ ನೋಡಿ, ಪಾತ್ರೆ ಸಮೇತ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ. ಬರೀ ಸಾಸಿಗಾದರೆ 100 ಗ್ರಾಂ ಫ್ರೆಶ್ ಕ್ರೀಮ್‌ಗೆ 25 ಗ್ರಾಂ ಉಪ್ಪಿಲ್ಲದ ಬೆಣ್ಣೆ ಕರಗಿಸಿ ಸೇರಿಸಿದರೆ ಲೆಕ್ಕಕ್ಕೆ 36% ಆಗುತ್ತೆ. ಇದು ಸಾಸಿಗೆ ಮಾತ್ರ, ನೊರೆಗಲ್ಲ. ಟೊಮೇಟೊ, ನಿಂಬೆ ಇರೋ ಸಾಸಿಗೆ 25% ಕ್ರೀಮ್ ಹಾಕಿ ಕುದಿಸಿದರೆ ಒಡೆಯುತ್ತೆ. ಒಲೆ ಆರಿಸಿ ಹಾಕಿ.

ಕೇಕಿನ ವಿಷಯಕ್ಕೆ ಬಂದರೆ, ‘ಮೇಲೆ ಕಪ್ಪು ಒಳಗೆ ಹಸಿ’ ಅಂದ್ರೆ ಬಿಸಿ ಹೆಚ್ಚಾಗಿದೆ. ಸಣ್ಣ ಓಟಿಜಿಯಲ್ಲಿ ಕಾಯಿಲ್ ಕೇಕಿನ ತಲೆ ಮೇಲೇ ಇರುತ್ತೆ. ಗುಂಡಿಯಲ್ಲಿ 180 ಇದ್ದರೂ ಒಳಗೆ 200 ಇರಬಹುದು. ಓವನ್ ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷೆ ಮಾಡಿ: ಸಕ್ಕರೆ ಕರಗೋದು 186 ಡಿಗ್ರಿ ಆಸುಪಾಸಿನಲ್ಲಿ. ಫಾಯಿಲ್ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ 180ಕ್ಕೆ 15 ನಿಮಿಷ ಇಡಿ. ಹರಳು ಹರಳಾಗೇ ಇರಬೇಕು. ಕರಗಿದರೆ ಓವನ್ ಹೆಚ್ಚು ಕಾಯ್ತಿದೆ. 190ಕ್ಕೆ ಇಟ್ಟಾಗ ಕರಗಬೇಕು. ಕರಗದಿದ್ದರೆ ಕಮ್ಮಿ ಕಾಯ್ತಿದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ತುಂಬ ಹೊತ್ತು ಇಟ್ಟರೆ ಸಕ್ಕರೆ ಕಮ್ಮಿ ಬಿಸಿಯಲ್ಲೂ ನಿಧಾನ ಕರಗಿ ಲೆಕ್ಕ ತಪ್ಪಿಸುತ್ತೆ.

ಪುಸ್ತಕದ 350 ಫ್ಯಾರನ್‌ಹೀಟ್ ಅಂದರೆ 180 ಸೆಲ್ಸಿಯಸ್, 400 ಅಂದರೆ 200, 425 ಅಂದರೆ 220. ಹಳೇ ಬ್ರಿಟಿಷ್ ಪುಸ್ತಕಗಳಲ್ಲಿ ‘ಗ್ಯಾಸ್ 4’ ಅಂದರೆ 180, ‘ಗ್ಯಾಸ್ 6’ ಅಂದರೆ 200. ಫ್ಯಾನ್ ಹಾಕಿದರೆ 20 ಡಿಗ್ರಿ ಇಳಿಸಿ, ಪುಸ್ತಕ ಮೊದಲೇ ಫ್ಯಾನ್ ಲೆಕ್ಕ ಕೊಟ್ಟಿದೆಯಾ ಅಂತ ನೋಡ್ಕೊಂಡು.

ಗಟ್ಟಿಯಾಗೋಕೆ ಕಾರಣ ಮೂರು ಇರಬಹುದು. ಹಿಟ್ಟಿನ ತೂಕ, ಮೇಲೆ ಹೇಳಿದ್ದಾರೆ. ಎರಡನೇದು ಮೊಟ್ಟೆ: ಅಮೆರಿಕದ ‘ಲಾರ್ಜ್’ ಮೊಟ್ಟೆ ಸಿಪ್ಪೆ ಬಿಟ್ಟು 50 ಗ್ರಾಂ. ನಮ್ಮ ಅಂಗಡಿ ಮೊಟ್ಟೆ ಎಷ್ಟೋ ಸಲ 45ಕ್ಕೂ ಕಮ್ಮಿ. ನಾಲ್ಕು ಮೊಟ್ಟೆ ಅಂತ ಇದ್ದರೆ ಒಡೆದು 200 ಗ್ರಾಂ ತೂಗಿ. ಮೂರನೇದು ಸಕ್ಕರೆ. ಬೆಣ್ಣೆ ಜೊತೆ ಉಜ್ಜಿ ಗಾಳಿ ತುಂಬಿಸೋ ಕೇಕಿಗೆ ಅವರ ಸಣ್ಣ ಹರಳಿನ ಸಕ್ಕರೆ ಬೇಕು, ನಮ್ಮದು ದಪ್ಪ. ಮಿಕ್ಸಿಯಲ್ಲಿ ಎರಡು ಮೂರು ಸಲ ಪಲ್ಸ್ ಕೊಟ್ಟು ಚಿರೋಟಿ ರವೆಯಷ್ಟು ಮಾಡಿಕೊಳ್ಳಿ, ಪೂರ್ತಿ ಪುಡಿ ಬೇಡ. ತೂಕ ಅಷ್ಟೇ ಇರಲಿ.

ಬ್ರಿಟಿಷ್ ಪುಸ್ತಕದಲ್ಲಿ ‘ಸೆಲ್ಫ್ ರೈಸಿಂಗ್ ಫ್ಲೋರ್’ ಅಂತ ಬಂದಾಗ ಬರೀ ಮೈದಾ ಹಾಕಿದರೆ ಕೇಕು ಏಳೋದೇ ಇಲ್ಲ. 150 ಗ್ರಾಂ ಮೈದಾಗೆ 2 ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಎರಡು ಸಲ ಜರಡಿ ಹಿಡೀರಿ. ಬೇಕಿಂಗ್ ಪೌಡರ್ ಬದಲು ಸೋಡಾ ಅಷ್ಟೇ ಪ್ರಮಾಣ ಹಾಕೋದು ಇನ್ನೊಂದು ಮಾಮೂಲಿ ತಪ್ಪು. ಸೋಡಾದ ಶಕ್ತಿ ಮೂರು ಪಟ್ಟು, ಜೊತೆಗೆ ಹುಳಿ ಇಲ್ಲದಿದ್ದರೆ ಕೆಲಸ ಮಾಡಲ್ಲ.

ಬೆಂಗಳೂರು 900 ಮೀಟರ್ ಮೇಲಿದೆ, ನೀರು ಕುದಿಯೋದು 97 ಡಿಗ್ರಿ ಹತ್ತಿರ. ಪಾಸ್ತಾ, ಕಾಳು ಪುಸ್ತಕದ ಸಮಯಕ್ಕಿಂತ ಒಂಚೂರು ಹೆಚ್ಚು ತಗೊಳ್ಳುತ್ತೆ. ಕೇಕಿಗೆ ಬೇಕಿಂಗ್ ಪೌಡರನ್ನ ಟೀ ಚಮಚಕ್ಕೆ ಎಂಟನೇ ಒಂದು ಭಾಗ ಕಮ್ಮಿ ಮಾಡಿದರೆ ನಡು ಕುಸಿಯೋದು ತಪ್ಪುತ್ತೆ. ಮಡಿಕೇರಿಯಂಥ ಇನ್ನೂ ಎತ್ತರದ ಊರಲ್ಲಿ ಇದು ಎದ್ದು ಕಾಣುತ್ತೆ, ಮಂಗಳೂರಲ್ಲಿ ಏನೂ ಬದಲಾಯಿಸಬೇಕಿಲ್ಲ.

ಉತ್ತರ: ಒರಳು_ಗುಂಡು

ನಾಲ್ಕನೇ ಪ್ರಶ್ನೆಗೆ. ತೂಕದ ಲೆಕ್ಕ ಸುಲಭ, ಎಲ್ಲವೂ ತೊಲದ ಮೇಲೆ ನಿಂತಿದೆ. ಒಂದು ತೊಲ 11.66 ಗ್ರಾಂ. ‘ರೂಪಾಯಿ ತೂಕ’ ಎಂದರೂ ಅದೇ, ಹಳೆಯ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು. ಪಲ ಮೂರು ತೊಲ, 35 ಗ್ರಾಂ. ಚಟಾಕು ಐದು ತೊಲ, 58 ಗ್ರಾಂ. ವೀಸೆ 120 ತೊಲ, 1.4 ಕೆ.ಜಿ. ಸೇರು ಮಾತ್ರ ಎರಡು ಬಗೆ: ಪಕ್ಕಾ ಸೇರು 80 ತೊಲ, 933 ಗ್ರಾಂ, ಹಳೇ ಮೈಸೂರಿನ ಕಚ್ಚಾ ಸೇರು 24 ತೊಲ, 280 ಗ್ರಾಂ. ‘ಒಂದು ಸೇರು ಬೆಲ್ಲ’ ಎಂದು ಓದಿ 933 ಗ್ರಾಂ ಸುರಿದರೆ ಹೋಳಿಗೆ ಹೂರಣ ಪಾಕವಾದೀತು. ಬೇಳೆಯೂ ಬೆಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿ ನಿರ್ಧರಿಸಿ.

ಪಾವು, ಅಳತೆಯ ಸೇರು (ಮೇಲೆ ಹೇಳಿದ ತೂಕದ ಸೇರಲ್ಲ), ತಮಿಳಿನ ಆಳಾಕು ಇವು ಪಾತ್ರೆಯ ಅಳತೆ. ಊರಿಂದೂರಿಗೆ ಬೇರೆ. ಮನೆಯಲ್ಲಿ ಹಳೆಯ ಪಾವು ಇದ್ದರೆ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ಅಂಚಿನವರೆಗೆ ನೀರು ತುಂಬಿ. ಬಂದ ಗ್ರಾಂ ಎಷ್ಟೋ ಮಿ.ಲೀ. ಅಷ್ಟು. ಕಾಳಿಗೆ ಗೋಪುರ ಕಟ್ಟಿ ಅಳೆಯುವುದೂ ಇತ್ತು, ಅಂಚಿಗೆ ಸಮ ಮಾಡಿ ಅಳೆಯುವುದೂ ಇತ್ತು. ಎಲ್ಲ ಪದಾರ್ಥಕ್ಕೂ ಒಂದೇ ಪಾತ್ರೆ, ಒಂದೇ ರೀತಿ ಬಳಸಿದರೆ ಪ್ರಮಾಣ ಕೆಡುವುದಿಲ್ಲ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಅದಕ್ಕೆ ಮುಂಚಿನ ಪುಸ್ತಕವಾದರೆ ಈ ಲೆಕ್ಕ ಕೈಯಲ್ಲಿರಲಿ.

‘ಸಮೈತ್ತು ಪಾರ್’ ತಮಿಳಿನಲ್ಲಿ ಮೊದಲು ಬಂದದ್ದು 1951. ನಮ್ಮಲ್ಲಿ ಪ್ರೆಷರ್ ಕುಕ್ಕರ್ ತಯಾರಿಕೆ ಶುರುವಾದದ್ದು 1959ರ ಸುಮಾರಿಗೆ. ಅಂದರೆ ಆ ಅಡುಗೆಯೆಲ್ಲ ತೆರೆದ ಪಾತ್ರೆಯದು. ಬೇಳೆಗೆ ಹೇಳಿದ ನೀರಿನಲ್ಲಿ ಒಂದು ಪಾಲು ಆವಿಯಾಗಲೆಂದೇ ಇಟ್ಟದ್ದು. ಕುಕ್ಕರಿನಲ್ಲಿ ಅಷ್ಟೇ ನೀರು ಹಾಕಿದರೆ ಸಾಂಬಾರು ಸಾರಾಗುತ್ತದೆ. ಬೇಳೆ ಮುಳುಗಿ ಮೇಲೆ ಎರಡು ಬೆರಳು ನೀರಿಟ್ಟು ಕೂಗಿಸಿ, ಉಳಿದದ್ದನ್ನು ಹುಣಸೆ ನೀರಿನ ಜೊತೆ ನೋಡಿಕೊಂಡು ಸೇರಿಸಿ.

ಹುಣಸೆ ‘ನಿಂಬೆ ಗಾತ್ರ’ ಎಂದರೆ ಬೀಜ ನಾರು ತೆಗೆದ ಹುಳಿ 25-30 ಗ್ರಾಂ ಇಟ್ಟುಕೊಳ್ಳಿ. ಹೊಸ ಹುಣಸೆ ಕೆಂಪಗೆ, ಹುಳಿ ಚುರುಕು. ಹಳತು ಕಪ್ಪಗೆ, ಬಣ್ಣ ಹೆಚ್ಚು. ಇಂಗು ಗಟ್ಟಿ ತುಂಡಿನ ಲೆಕ್ಕದಲ್ಲಿದ್ದರೆ ಎಣ್ಣೆಯಲ್ಲಿ ಅರಳಿಸಿಯೇ ಪುಡಿ ಮಾಡಬೇಕು. ಡಬ್ಬಿಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ, ಹಾಗಾಗಿ ಕಡಲೆ ಗಾತ್ರದ ತುಂಡಿಗೆ ಬದಲಾಗಿ ಕಾಲು ಟೀ ಚಮಚದಿಂದ ಆರಂಭಿಸಿ, ಸಾಲದಿದ್ದರೆ ಮತ್ತೆ ಒಗ್ಗರಣೆಗೆ.

ಅಂದಹಾಗೆ ಅಡುಗೆ ಪುಸ್ತಕ ಎಂದರೆ ಬರೀ ಹೊರಗಿನದಲ್ಲ. ಮೂರನೇ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ ಬರೆದದ್ದು ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ. ಮಾಂಸವಿಲ್ಲದ ಅಡುಗೆ ನಿಮ್ಮದಾದ್ದರಿಂದ ಓದಲು ಹೇಳಿಮಾಡಿಸಿದ್ದು. ಒಲೆಯ ಪಕ್ಕ ಇಡುವ ಪುಸ್ತಕವಂತೂ ಅಲ್ಲ.

ಉತ್ತರ: ಬ್ಯಾಡಗಿ_ಕೆಂಪು

ಅಳತಿ ಎಲ್ಲಾ ಹೇಳಿದ್ರಿ, ಹೆಸರಿನ ಗೊಂದಲ ಯಾರೂ ಹೇಳಲಿಲ್ಲ ನೋಡ್ರಿ. ಅಮೆರಿಕದ ಪುಸ್ತಕದಾಗ ‘ಚಿಲಿ ಪೌಡರ್’ ಅಂದ್ರ ಬರೀ ಮೆಣಸಿನಕಾಯಿ ಪುಡಿ ಅಲ್ಲ. ಅದರಾಗ ಜೀರಿಗಿ, ಓರೆಗಾನೊ, ಬೆಳ್ಳುಳ್ಳಿ ಪುಡಿ ಎಲ್ಲಾ ಕೂಡಿರ್ತದ. ಎರಡು ದೊಡ್ಡ ಚಮಚ ಅಂತ ಓದಿ ಗುಂಟೂರು ಖಾರಪುಡಿ ಹಾಕಿದ್ರ ಮುಗೀತು ಕಥಿ. ‘ಕಯೆನ್’ ಅಂದ್ರ ಮಾತ್ರ ಖಾರದ ಪುಡಿ, ಅದಕ್ಕ ಗುಂಟೂರು ನಡೀತದ. ‘ಪ್ಯಾಪ್ರಿಕಾ’ ಅಂದ್ರ ಬಣ್ಣ ಜಾಸ್ತಿ, ಖಾರ ಕಮ್ಮಿ. ಅದಕ್ಕ ನಮ್ಮ ಬ್ಯಾಡಗಿ ಪುಡಿನೇ ಸರಿ: ಬೀಜ ತಗದು, ಬಿಸಿಲಿಗೆ ಗರಿಗರಿ ಒಣಗಿಸಿ, ಹುರಿಯದೇ ಪುಡಿ ಮಾಡ್ರಿ. ಪ್ಯಾಪ್ರಿಕಾಕ್ಕಿಂತ ಒಂದು ಹಿಡಿ ಖಾರ ಹೆಚ್ಚಿರ್ತದ, ಮುಕ್ಕಾಲು ಪಾಲು ಹಾಕ್ರಿ. ‘ಸ್ಮೋಕ್ಡ್’ ಅಂತ ಮುಂದ ಇದ್ರ ಅದು ಹೊಗಿ ಹಾಕಿದ್ದು, ಬ್ಯಾಡಗಿಯಿಂದ ಆ ವಾಸನಿ ಬರಂಗಿಲ್ಲ. ತಮಿಳು ಪುಸ್ತಕದಾಗ ಮೆಣಸಿನಕಾಯಿ ಎಣಿಕಿ ಕೊಟ್ಟಿದ್ರ ಅವು ಬ್ಯಾಡಗಿ ಅಲ್ಲ, ಖಾರ ಇರೋವು. ಬ್ಯಾಡಗಿ ಹಾಕೋರು ಅರ್ಧ ಗುಂಟೂರು ಕೂಡಿಸ್ರಿ.

ಎರಡನೇದು ‘ಬಟರ್‌ಮಿಲ್ಕ್’. ಇದು ನಮ್ಮ ನೀರುಮಜ್ಜಿಗಿ ಅಲ್ಲ, ಹೆಪ್ಪು ಹಾಕಿದ ಗಟ್ಟಿ ದ್ರವ. ‘ಪ್ಲೆಂಟಿ’ ಪುಸ್ತಕದ ಮುಖಪುಟದಾಗ ಇರೋ ಬದನಿಕಾಯಿ ಸುಟ್ಟು ಬಿಳಿ ಸಾಸ್ ಸುರಿಯೋದು ಐತಲ್ಲ, ಅದಕ್ಕ ಮಜ್ಜಿಗಿ ಹಾಕಿದ್ರ ತಟ್ಟಿ ತುಂಬ ನೀರು ಹರೀತದ. ಮೂರು ಪಾಲು ಮೊಸರಿಗೆ ಒಂದು ಪಾಲು ನೀರು ಹಾಕಿ ಕಡೆದ್ರ ಹದ ಸರಿ ಬರ್ತದ. ಅದರ ಜೋಡಿ ಗ್ರೀಕ್ ಯೋಗರ್ಟ್ ಅಂತಾರಲ್ಲ, ಅದು ಮೊಸರನ್ನ ಅರಬ್ಯಾಗ ಕಟ್ಟಿ ಮೂರ್ನಾಕು ತಾಸು ತೂಗು ಹಾಕಿದ್ದು. ಬದನಿಕಾಯಿ ಭರ್ತಾಕ್ಕ ತಗೊಳ್ಳೋ ದೊಡ್ಡದು ಬೇಕು, ಎಣ್ಣಿಗಾಯಿ ಬದನಿ ಅಲ್ಲ. ಸಣ್ಣವು ಓವನ್ನಾಗ ಒಣಗಿ ಚರ್ಮ ಆಗ್ತಾವ. ಕೊಯ್ದ ಮೈಗೆ ಎಣ್ಣಿ ಸವರಿ ಒಂದೆರಡು ನಿಮಿಷ ಬಿಡ್ರಿ, ಕುಡೀತದ. ಮತ್ತ ಸವರ್ರಿ. ಎಣ್ಣಿ ಉಳಿಸಿದ್ರ ಒಳಗ ಬೆಂಡು.

ತೆಂಗಿನ ಹಾಲು 400 ಮಿ.ಲೀ. ಡಬ್ಬಿ ಅಂತ ಬಂದ್ರ, ಡಬ್ಬಿ ಹಾಲಿಗೆ ಒಡೀದಂಗ ಏನಾರ ಹಾಕಿರ್ತಾರ. ಮನ್ಯಾಗ ಹಿಂಡಿದ ಗಟ್ಟಿ ಹಾಲು ಜೋರ ಕುದಿಸಿದ್ರ ಒಡೀತದ. ಎರಡನೇ ಹಾಲಿನಾಗ ಬೇಯಿಸ್ರಿ, ಮೊದಲನೇ ಹಾಲು ಕಡೀಕ.

ಇದೆಲ್ಲಾ ಯಾಕ ಹಿಂಗ ಆಗ್ತದ ಅನ್ನೋದು ಬೇಕಾದ್ರ ಹೆರಾಲ್ಡ್ ಮೆಕ್‌ಗೀ ಅವರ ‘ಆನ್ ಫುಡ್ ಆಂಡ್ ಕುಕಿಂಗ್’ ನೋಡ್ರಿ, 2004ರ ಪರಿಷ್ಕೃತ ಮುದ್ರಣ. ನಮ್ಮ ದೇಶದ ಅಡಗಿಗೆ ಕೃಷ್ ಅಶೋಕ್ ಅವರ ‘ಮಸಾಲಾ ಲ್ಯಾಬ್’, 2020. ಎರಡೂ ಊಟದ ಪಟ್ಟಿ ಕೊಡೋ ಪುಸ್ತಕ ಅಲ್ಲ, ಕಾರಣ ಹೇಳೋವು.

ಪಾವು_ಸೇರು

ಎಲ್ಲರಿಗೂ ಥ್ಯಾಂಕ್ಸ್. ಟೊಮೇಟೊ 2 ಕಪ್ಪಿಗೆ ಬತ್ತಿಸಿ ಆಮೇಲೆ ಬೆಣ್ಣೆ ಅನ್ನೋದು ತಲೆಗೆ ಹೊಳೆದೇ ಇರಲಿಲ್ಲ. ಒಂದೇ ಒಂದು ಉಳೀತು: 3 ಗ್ರಾಂ ಯೀಸ್ಟ್, 2 ಗ್ರಾಂ ಸೋಡಾ ತೂಗೋಕೆ ಹೋದರೆ ನನ್ನ ತಕ್ಕಡಿ ಸೊನ್ನೆಯಲ್ಲೇ ನಿಲ್ಲುತ್ತೆ, ಆಮೇಲೆ ಒಂದೇ ಸಲ 4 ತೋರಿಸುತ್ತೆ. ತಕ್ಕಡಿ ಕೆಟ್ಟಿದೆಯಾ?

ತಕ್ಕಡಿ_ತಟ್ಟೆ

ಕೆಟ್ಟಿಲ್ಲ. ಅಡುಗೆ ತಕ್ಕಡಿಗಳು ಸೊನ್ನೆ ಹತ್ತಿರ ಆಗೋ ಸಣ್ಣ ಬದಲಾವಣೆಯನ್ನ ಗಾಳಿ, ಅಲುಗಾಟ ಅಂತ ತಾವೇ ಅಳಿಸಿಹಾಕ್ತವೆ. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಪ್ರತಿ ಚಿಟಿಕೆಯೂ ಹೀಗೆ ಅಳಿಸಿಹೋಗುತ್ತೆ. ಬಟ್ಟಲು ಇಟ್ಟು ಸೊನ್ನೆ ಮಾಡಬೇಡಿ. ಬಟ್ಟಲು 112 ಅಂತ ತೋರಿಸಲಿ, 115 ಆಗೋವರೆಗೆ ಹಾಕಿ. ಆದರೂ 1 ಗ್ರಾಂ ತಕ್ಕಡಿಯಲ್ಲಿ 3 ಗ್ರಾಂ ಅಂದರೆ ಎರಡೂವರೆಯೂ ಇರಬಹುದು, ಮೂರೂವರೆಯೂ ಇರಬಹುದು. 5 ಗ್ರಾಂ ಒಳಗಿನದಕ್ಕೆ ಅಂಚಿಗೆ ಸಮ ಮಾಡಿದ ಟೀ ಚಮಚವೇ ವಾಸಿ: ಇನ್‌ಸ್ಟಂಟ್ ಯೀಸ್ಟ್ ಒಂದು ಚಮಚಕ್ಕೆ 3 ಗ್ರಾಂ, ಸೋಡಾ 5 ಗ್ರಾಂ ಹತ್ತಿರ. ಉಪ್ಪು 2 ಗ್ರಾಂ ಬೇಕಾದರೆ 10 ಗ್ರಾಂ ಉಪ್ಪಿಗೆ ಒಟ್ಟು 100 ಗ್ರಾಂ ಆಗೋವರೆಗೆ ನೀರು ಸೇರಿಸಿ ಕರಗಿಸಿ, ಅದರಲ್ಲಿ 20 ಗ್ರಾಂ ತೂಗಿ ಹಾಕಿ. ಹಿಟ್ಟಿಗೆ ಹಾಕೋ ನೀರಲ್ಲಿ 18 ಗ್ರಾಂ ಕಳೆಯೋದು ಮರೀಬೇಡಿ.